ಗಾಡಿ ಎತ್ತರಿಸುವ ಮುನ್ನ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜ, ಬೋನಸ್ಸುಗಳ ಮಾತು ನಡೆಯುವ ಈ ವೇದಿಕೆಯ ಮೇಲೆ ಮೋಟಾರು ಗಾಡಿಯ ಕಮಾನು ಪಟ್ಟಿಯ ವಿಷಯ ಏಕೆ ಬಂತು ಎಂದು ನೀವು ಕೇಳಬಹುದು. ಕಾರಣವಿದೆ. ನಮ್ಮವರಲ್ಲಿ ಕೆಲವರು ಹೋಟೆಲಿನ ಕೆಲಸ ಬಿಟ್ಟಾಗ ಕೈಗೆ ಬಂದ ಹಣವನ್ನು ಮೂವರು ನಾಲ್ವರು ಕೂಡಿಸಿ, ಹತ್ತು ಹದಿನೈದು ವರ್ಷ ಓಡಿದ ಪಿಕಪ್ ಗಾಡಿಗಳನ್ನು ಕೊಂಡಿದ್ದಾರೆ. ನಡುರಾತ್ರಿ ಕೊಯಂಬೇಡಿಗೆ ಹೋಗಿ ತರಕಾರಿ ತುಂಬಿ, ಬೆಳಗಿನ ಇಡ್ಲಿ ಬೇಯುವ ಹೊತ್ತಿಗೆ ಹೋಟೆಲುಗಳಿಗೆ ಮುಟ್ಟಿಸುತ್ತಾರೆ. ಆ ಗಾಡಿ ನಾಲ್ಕು ಮನೆಗಳ ಅನ್ನ. ಅದು ಮಗುಚಿದರೆ ನಾಲ್ಕು ಒಲೆ ಆರುತ್ತವೆ. ಆದುದರಿಂದ ಇದೂ ಸಂಘದ ವಿಷಯವೇ ಸರಿ.

ಈ ಊರಿನ ಮಳೆ ನಮಗೆ ಗೊತ್ತು. 2015ರ ಡಿಸೆಂಬರಿನ ನೆರೆಯನ್ನೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಚೆನ್ನೈ ಮರೆತಿಲ್ಲ. 2020ರ ಮೇ ತಿಂಗಳಲ್ಲಿ ಕೊಯಂಬೇಡು ಮುಚ್ಚಿ, ತರಕಾರಿಯ ಸಗಟು ವ್ಯಾಪಾರ ತಿರುಮಳಿಶೈ ಬಯಲಿಗೆ ಹೋದಾಗ, ಮಳೆ ಬಿದ್ದರೆ ಅಲ್ಲಿ ಕೆಸರೋ ಕೆಸರು. ಹೀಗಿರುವಾಗ ಗಾಡಿಯನ್ನು ಒಂದೆರಡು ಇಂಚು ಎತ್ತರಿಸೋಣ ಎಂಬ ಆಸೆ ಹುಟ್ಟುವುದು ಸಹಜ. ಆ ಆಸೆ ತಪ್ಪಲ್ಲ. ಆದರೆ ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲನ್ನು ಮಾತ್ರ ಎತ್ತಿದರೆ ಪಾತ್ರೆ ನಿಂತೀತೇ? ಗಾಡಿಯೂ ಹಾಗೆಯೇ. ಕಮಾನನ್ನು ಎತ್ತಿದವನು ಅದಕ್ಕೆ ಹೊಂದಿಕೊಂಡಿರುವ ಎಲ್ಲವನ್ನೂ ನೋಡಬೇಕು. ನಾವು ಇಂದು ಹೇಳುವುದು ಇಷ್ಟೇ.

ಮೊದಲನೆಯದು ಅಳತೆ. ಗಾಡಿಯನ್ನು ಬರಿದು ಮಾಡಿ, ಸಮನೆಲದ ಮೇಲೆ ನಿಲ್ಲಿಸಿ, ಪ್ರತಿ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿಯಿರಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡರೆ ಕಮಾನು ಕುಸಿದಿದೆ ಎಂದೇ ಅನುಮಾನಿಸಬೇಕು. ವರ್ಷಗಟ್ಟಲೆ ಮೂಟೆ ಹೊತ್ತ ಪಟ್ಟಿಗಳು ತಮ್ಮ ಬಾಗನ್ನು ಕಳೆದುಕೊಳ್ಳುತ್ತವೆ. ನಡುವಿನ ಬೋಲ್ಟಿನ ತೂತಿನ ಬಳಿ ಬಿರುಕು ಬಿಡುವುದೂ ಉಂಟು. ಇಂಥ ಗಾಡಿಗೆ ಅದೇ ಮಾದರಿಯ ಹೊಸ ಕಮಾನು ಹಾಕಿದರೆ ಕುಸಿದಷ್ಟು ಎತ್ತರ ತಾನೇ ಮರಳಿ ಬರುತ್ತದೆ. ಅನೇಕರಿಗೆ ಬೇಕಾದುದು ಅಷ್ಟೇ. ಹಳೆಯ ಪಟ್ಟಿಯನ್ನು ತಣ್ಣಗಿರುವಾಗಲೇ ಸುತ್ತಿಗೆಯಿಂದ ತಟ್ಟಿ ಬಾಗಿಸಿಕೊಡುವವರಿದ್ದಾರೆ. ಹದ ಕಾಯಿಸದ ಆ ಬಾಗು ಬಹುಕಾಲ ನಿಲ್ಲುವುದಿಲ್ಲ.

ಎರಡನೆಯದು, ಹೆಚ್ಚಿನ ಪಟ್ಟಿ ಸೇರಿಸುವುದು. ಇದರಿಂದ ಗಾಡಿ ಏಳುವುದು ನಿಜ, ಜೊತೆಗೆ ಬಿರುಸಾಗುವುದೂ ನಿಜ. ಬರಿಗಾಡಿ ಕುಣಿಯುತ್ತದೆ; ಚಕ್ರ ನೆಲವನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಬ್ರೇಕು ತಡವಾಗಿ ಹಿಡಿಯುತ್ತದೆ. ಟೊಮೆಟೊ ಹೋಟೆಲಿಗೆ ಬರುವಷ್ಟರಲ್ಲಿ ಗೊಜ್ಜಾಗುತ್ತದೆ. ಇನ್ನು ಕಮಾನಿಗೂ ಆಕ್ಸಲಿಗೂ ನಡುವೆ ಉಕ್ಕಿನ ತುಂಡು ಇಡುವ ಪದ್ಧತಿಯಿದೆ. ಹಿಂದಿನ ಆಕ್ಸಲಿಗೆ ಒಂದೇ ಗಟ್ಟಿ ತುಂಡು ಸಾಕು. ತುಂಡಿನ ಮೇಲೆ ತುಂಡು ಪೇರಿಸಬಾರದು. ಮುಂದಿನ ಆಕ್ಸಲಿಗೆ ಎಂದೂ ತುಂಡು ಇಡಕೂಡದು. ಬ್ರೇಕು ಒತ್ತಿದಾಗ ಅದು ಜಾರಿದರೆ ಸ್ಟಿಯರಿಂಗ್ ಕೈಬಿಟ್ಟಂತೆಯೇ. ಕಮಾನನ್ನು ಬಿಗಿದಿರುವ ಯು-ಬೋಲ್ಟು ಒಮ್ಮೆ ಎಳೆದ ಮೇಲೆ ಹಿಗ್ಗಿರುತ್ತದೆ. ಅದನ್ನು ಮತ್ತೆ ಬಳಸದೆ, ಸರಿಯಾದ ಉದ್ದದ ಹೊಸದನ್ನೇ ಹಾಕಿಸಿ, ಎದುರುಬದುರಾಗಿ ಬಿಗಿಸಿ. ಸುಮಾರು 500 ಕಿಲೋಮೀಟರು ಓಡಿದ ನಂತರ ಇನ್ನೊಮ್ಮೆ ಬಿಗಿಸಿ. ಶ್ಯಾಕಲಿನ ಪಿನ್ನು, ಬುಶ್ಶು ಸವೆದಿದ್ದರೆ ಅವೂ ಇದೇ ಸಮಯದಲ್ಲಿ ಬದಲಾಗಲಿ.

ಮೂರನೆಯದು, ಎತ್ತರದೊಡನೆ ಎಳೆಯಲ್ಪಡುವ ಭಾಗಗಳು. ಶಾಕ್ ಅಬ್ಸಾರ್ಬರ್ ಗಿಡ್ಡವಾದರೆ ಚಕ್ರ ಕೆಳಗಿಳಿದಾಗಲೆಲ್ಲ ಅದರ ಬುಡವೇ ಕಿತ್ತುಬರುತ್ತದೆ. ಉದ್ದ ಅಳೆದು ಹೊಸ ಜೋಡಿ ತರಬೇಕು. ಚಾಸಿಯನ್ನು ಜಾಕಿನಲ್ಲಿ ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಆಕ್ಸಲನ್ನು ತೂಗಬಿಟ್ಟು, ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಬ್ರೇಕಿನ ರಬ್ಬರು ಕೊಳವೆ ಬಿಗಿಯುತ್ತದೆಯೇ ಎಂದು ಕಣ್ಣಾರೆ ನೋಡಿ. ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಭಾರ ನೋಡಿ ಒತ್ತಡ ಬಿಡುವ ವಾಲ್ವು ಇರುತ್ತದೆ. ಅದರ ಸಣ್ಣ ಸರಳು ಚಾಸಿಗೂ ಆಕ್ಸಲಿಗೂ ನಡುವೆ ಕಾಣುತ್ತದೆ. ಚಾಸಿಯನ್ನು ಎತ್ತರಿಸಿ ಸರಳನ್ನು ಹಾಗೆಯೇ ಬಿಟ್ಟರೆ, ಗಾಡಿ ಬರಿದಾಗಿದೆ ಎಂದು ಆ ವಾಲ್ವು ಮೋಸಹೋಗಿ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಮೂಟೆ ಹೇರಿದ ಗಾಡಿ ಇಳಿಜಾರಿನಲ್ಲಿರುವಾಗ ಈ ಮೋಸ ಪ್ರಾಣಕ್ಕೆ ಬರುತ್ತದೆ.

ಮಿಲ್ಲಿನ ಬಂಧುಗಳಿಗೆ ಮುಂದಿನ ಮಾತು ಬೇಗ ಹಿಡಿಯುತ್ತದೆ. ಮೋಟಾರೂ ಯಂತ್ರವೂ ಒಂದೇ ನೇರದಲ್ಲಿಲ್ಲದಿದ್ದರೆ ಕಪ್ಲಿಂಗು ಅದುರಿ ಬೇರಿಂಗು ಹೋಗುವುದಿಲ್ಲವೇ? ಗಾಡಿ ಎದ್ದಾಗ ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ, ಅದರ ಜಾಯಿಂಟು ಅದೇ ರೀತಿ ಸಾಯುತ್ತದೆ. ಒಂದು ವೇಗದಲ್ಲಿ ನೆಲವೇ ನಡುಗಿದಂತಾದರೆ ಓರೆಯನ್ನು ಸರಿಪಡಿಸಬೇಕು. ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮಾಡಿಸದೆ, ಹೆಡ್‌ಲೈಟನ್ನು ತಗ್ಗಿಸದೆ ಗ್ಯಾರೇಜಿನಿಂದ ಹೊರಡಬಾರದು. ಎತ್ತರದ ದೀಪ ಎದುರಿನಿಂದ ಬರುವ ನಮ್ಮಂಥ ಇನ್ನೊಬ್ಬ ದುಡಿಯುವವನ ಕಣ್ಣು ಕುಕ್ಕುತ್ತದೆ.

ಹಣ ಕಡಿಮೆಯಿರುವವರು ಪುದುಪೇಟೆಗೆ ಹೋಗುವುದು ರೂಢಿ. ಬಾಗಿಲು, ಬಾನೆಟ್ಟು, ಸೀಟು ಹಳೆಯದಾದರೂ ನಡೆದೀತು. ಯು-ಬೋಲ್ಟು, ಪಿನ್ನು, ಬುಶ್ಶು, ಬ್ರೇಕಿನ ಕೊಳವೆ, ಶಾಕ್ ಅಬ್ಸಾರ್ಬರ್ ಇವು ಹೊಸದಾಗಿಯೇ ಇರಲಿ, ರಸೀದಿಯೊಡನೆ ಇರಲಿ. ಎಲ್ಲಕ್ಕೂ ಹಣ ಸಾಲದಿದ್ದರೆ ಎತ್ತರಿಸುವುದನ್ನು ಮುಂದೂಡಿ, ಇವನ್ನು ಮೊದಲು ಹಾಕಿಸಿ. ತೆಗೆದ ಹಳೆಯ ಭಾಗಗಳನ್ನು ತೋರಿಸಿರೆಂದು ಮೇಸ್ತ್ರಿಯನ್ನು ಕೇಳಲು ಸಂಕೋಚ ಬೇಡ. ಒಳ್ಳೆಯ ಮೇಸ್ತ್ರಿ ತಾನೇ ತೋರಿಸುತ್ತಾನೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗಾಡಿ ಎದ್ದು ನಿಂತುದನ್ನು ಕಂಡೊಡನೆ ಸರಕು ಹಾಕಿಸುವ ಸಾಹುಕಾರರು, "ಪಟ್ಟಿ ಹೆಚ್ಚಿಸಿದ್ದೀಯಲ್ಲಪ್ಪಾ, ಇನ್ನು ನಾಲ್ಕು ಮೂಟೆ ಹಾಕು" ಎನ್ನುತ್ತಾರೆ. ಇಲ್ಲಿ ನಾವು ಗಟ್ಟಿಯಾಗಿ ನಿಲ್ಲಬೇಕು. ಪಟ್ಟಿ ಹೆಚ್ಚಿದರೂ ಆಕ್ಸಲು ಅದೇ, ಬ್ರೇಕು ಅದೇ, ಟೈರು ಅದೇ. ಆರ್.ಸಿ. ಪುಸ್ತಕದಲ್ಲಿ ಬರೆದ ತೂಕ ಒಂದು ಕಿಲೋ ಕೂಡ ಹೆಚ್ಚಲಿಲ್ಲ. ಮೇಲಾಗಿ, ಎತ್ತರದ ಗಾಡಿಯ ಭಾರವೂ ಎತ್ತರದಲ್ಲೇ ಇರುತ್ತದೆ. ಕತ್ತಿಪಾರಾ ಮೇಲ್ಸೇತುವೆಯ ಸುತ್ತಿನಲ್ಲಿ ಅದು ಬೇಗ ವಾಲುತ್ತದೆ. ಮೂಟೆಗಳ ಮೇಲೆ ಕುಳಿತ ಹುಡುಗನೇ ಮೊದಲು ಕೆಳಗೆ ಬೀಳುವವನು. ಆ ಹುಡುಗ ಕುಂದಾಪುರದವನೋ ತೀರ್ಥಹಳ್ಳಿಯವನೋ, ಯಾರದೋ ಮನೆಯ ಮಗ. ಸರಕಿನ ಮೇಲೆ ಯಾರನ್ನೂ ಕೂರಿಸಕೂಡದು.

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಿಸಿದವರು ಗೊತ್ತುಮಾಡಿ ಆರ್.ಸಿ.ಯಲ್ಲಿ ದಾಖಲಾದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಆದುದರಿಂದ ಕುಸಿದ ಎತ್ತರವನ್ನು ಮರಳಿಸುವುದಕ್ಕಿಂತ ಹೆಚ್ಚಿನ ಕೆಲಸ ಮಾಡಿಸುವವರು ಮುಂಚಿತವಾಗಿ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. 8 ವರ್ಷ ದಾಟಿದ ಸರಕು ಗಾಡಿ ವರ್ಷಕ್ಕೊಮ್ಮೆ ಎಫ್.ಸಿ.ಗೆ ಹೋಗಲೇಬೇಕಲ್ಲ. ಭಾರದ ವಿಷಯದಲ್ಲಿ 2019ರ ತಿದ್ದುಪಡಿಯಿಂದ ದಂಡ 20,000 ರೂಪಾಯಿ, ಮಿತಿಮೀರಿದ ಪ್ರತಿ ಟನ್ನಿಗೆ ಮತ್ತೆ 2,000. ಓಡಿಸಿದವನ ಮೇಲೂ ಓಡಿಸಲು ಹೇಳಿದವರ ಮೇಲೂ ಈ ಹೊಣೆಯಿದೆ. ರಾತ್ರಿ ಎರಡು ಗಂಟೆಗೆ ಪೊಲೀಸರ ಕೈಗೆ ಸಿಗುವವನು ಮಾತ್ರ ಓಡಿಸಿದವನು. ಸಾಹುಕಾರರು ಆಗ ನಿದ್ರೆಯಲ್ಲಿರುತ್ತಾರೆ.

ಕೊನೆಯದಾಗಿ ನೀರಿನ ಮಾತು. ಎರಡು ಇಂಚು ಎದ್ದ ಗಾಡಿ ದೋಣಿಯಾಗುವುದಿಲ್ಲ. ಎಂಜಿನ್ನು ಗಾಳಿ ಎಳೆಯುವ ಬಾಯಿ ಇದ್ದಲ್ಲೇ ಇದ್ದರೆ ಅಲ್ಲಿಗೆ ನೀರು ಹೊಕ್ಕಾಗ ಎಂಜಿನ್ನು ಮುಗಿದಂತೆಯೇ. ನೀರಿನಲ್ಲಿ ನಡೆದು ಬಂದ ಮೇಲೆ ಹಿಂದಿನ ಆಕ್ಸಲಿನ ಎಣ್ಣೆಯನ್ನು ನೋಡಿ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ, ತಡಮಾಡದೆ ಬದಲಿಸಿ. ಚಕ್ರದ ಬೇರಿಂಗುಗಳ ಗ್ರೀಸನ್ನೂ ನೋಡಿಸಿ.

ಬಂಧುಗಳೇ, ಒಬ್ಬ ಚಾಲಕ ಒಂಟಿಯಾಗಿ "ಹೆಚ್ಚು ಮೂಟೆ ಹಾಕುವುದಿಲ್ಲ" ಎಂದರೆ ನಾಳೆ ಆ ಬಾಡಿಗೆ ಇನ್ನೊಬ್ಬನ ಪಾಲಾಗುತ್ತದೆ. ಎಲ್ಲ ಗಾಡಿಗಳವರೂ ಒಂದೇ ಮಾತು ಹೇಳಿದರೆ ಸಾಹುಕಾರರು ಎರಡನೆಯ ನಡೆಗೂ ಬಾಡಿಗೆ ಕೊಡಲೇಬೇಕಾಗುತ್ತದೆ. ಗಾಡಿಯಿರುವವರು ಮುಂದಿನ ಭಾನುವಾರ ತಮ್ಮ ಆರ್.ಸಿ. ಪುಸ್ತಕವನ್ನು ಸಂಘಕ್ಕೆ ತನ್ನಿ. ಪ್ರತಿಯೊಂದು ಗಾಡಿಯೂ ಹೊರಬಹುದಾದ ತೂಕವನ್ನು ಬರೆದು ಕಚೇರಿಯ ಗೋಡೆಗೆ ಹಾಕೋಣ; ಯಾರು ಕೇಳಿದರೂ ಆ ಗೋಡೆಯನ್ನು ತೋರಿಸೋಣ.