ಓದಿನ ಮುದ್ರೆ



ಗ್ರಂಥಾಲಯದಿಂದ ತಂದ ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿದ ತಾರೀಖಿನ ಚೀಟಿಯ ಮೇಲೆ ಒಮ್ಮೆಯಾದರೂ ಕಣ್ಣಾಡಿಸದವರು ವಿರಳ. ಅದರ ಮೇಲಿನ ಮುದ್ರೆಗಳನ್ನು ಕಂಡು, ಈ ಗ್ರಂಥವನ್ನು ಜನ ಆದರಿಸಿದರೋ, ಕಪಾಟಿನಲ್ಲೇ ಮರೆತರೋ ಎಂದು ನಾವು ಊಹಿಸುವುದುಂಟು. ಗಣಕಯಂತ್ರದ ಕಡತಗಳಿಗೂ ಅಂತಹುದೇ ಒಂದು ಚೀಟಿಯಿದೆ. ಅದರ ಮುದ್ರೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೇ ಇಂದು ನಾನು ತಮ್ಮೊಡನೆ ವಿಚಾರ ಮಾಡಬಯಸುವ ವಿಷಯ.

ಯುನಿಕ್ಸ್ ಪರಂಪರೆಗೆ ಸೇರಿದ ಲಿನಕ್ಸ್ ವ್ಯವಸ್ಥೆಯು ಪ್ರತಿಯೊಂದು ಕಡತದ ವಿವರಗಳನ್ನೂ ಐನೋಡ್ ಎಂಬ ದಾಖಲೆಯಲ್ಲಿ ಇರಿಸುತ್ತದೆ. ಅದರಲ್ಲಿ ಮೂರು ಕಾಲಗಳು ಮುಖ್ಯವಾದವು. ಕಡತದ ಒಡಲು ಬದಲಾದ ಕಾಲ ಎಂಟೈಮ್. ಒಡಲಾಗಲಿ, ಒಡೆತನ ಅನುಮತಿಗಳೇ ಮೊದಲಾದ ವಿವರಗಳಾಗಲಿ ಬದಲಾದ ಕಾಲ ಸಿಟೈಮ್, ಇದನ್ನೇ ಅನೇಕರು ಸೃಷ್ಟಿಕಾಲವೆಂದು ಭ್ರಮಿಸುತ್ತಾರೆ. ಕಡತವನ್ನು ಕಡೆಯದಾಗಿ ಓದಿದ ಕಾಲ ಎಟೈಮ್. ಮೊದಲಿನೆರಡು ಕಾಲಗಳು ಏನಾದರೂ ಬದಲಾದಾಗ ಮಾತ್ರ ಬದಲಾಗುತ್ತವೆ. ಮೂರನೆಯದಾದರೋ ಏನೊಂದೂ ಬದಲಾಗದಿದ್ದಾಗಲೂ, ಬರಿಯ ಓದಿನಿಂದಲೇ ಬದಲಾಗತಕ್ಕದ್ದು. ಓದುವ ಕ್ರಿಯೆಯೇ ಇಲ್ಲಿ ಬರೆಯುವ ಕ್ರಿಯೆಯನ್ನು ಹುಟ್ಟಿಸುತ್ತದೆ.

ಈ ವೈಚಿತ್ರ್ಯದ ವೆಚ್ಚ ಅಲ್ಪವಲ್ಲ. ಒಮ್ಮೆ ಓದಿದ ಕಡತದ ಪ್ರತಿಯು ಯಂತ್ರದ ಸ್ಮೃತಿಯಲ್ಲಿಯೇ ಉಳಿದಿದ್ದು, ಮುಂದಿನ ಓದಿಗೆ ಡಿಸ್ಕನ್ನು ಮುಟ್ಟುವ ಅಗತ್ಯವೇ ಇಲ್ಲದಿದ್ದರೂ, ಹೊಸ ಎಟೈಮನ್ನು ದಾಖಲಿಸುವುದಕ್ಕಾಗಿ ಡಿಸ್ಕಿಗೆ ಬರೆಯಬೇಕಾಗುತ್ತಿತ್ತು. ಸಾವಿರಾರು ಸಣ್ಣ ಕಡತಗಳನ್ನು ಹಗಲಿರುಳು ಓದುವ ಸರ್ವರುಗಳಲ್ಲಿ ಇದು ದೊಡ್ಡ ಹೊರೆಯಾಯಿತು. ನೋಎಟೈಮ್ ಎಂಬ ಆಯ್ಕೆಯಿಂದ ಈ ಮುದ್ರೆಯನ್ನೇ ನಿಲ್ಲಿಸಬಹುದಾಗಿತ್ತು. ಆದರೆ ಮಟ್ ಎಂಬ ಅಂಚೆಯ ತಂತ್ರಾಂಶವು, ಅಂಚೆಪೆಟ್ಟಿಗೆಯ ಕಡತವನ್ನು ಓದಿದ ಕಾಲ ಹಿಂದೋ, ಅದು ಬದಲಾದ ಕಾಲ ಹಿಂದೋ ಎಂದು ಹೋಲಿಸಿಯೇ ಹೊಸ ಪತ್ರದ ಸುದ್ದಿಯನ್ನು ತಿಳಿಯುತ್ತಿದ್ದುದರಿಂದ, ಹಾಗೆ ನಿಲ್ಲಿಸಿದಲ್ಲಿ ಅದರ ಲೆಕ್ಕ ತಪ್ಪುತ್ತಿತ್ತು. ಈ ಇಕ್ಕಟ್ಟಿನಿಂದ ಹುಟ್ಟಿದ ಮಧ್ಯಮಮಾರ್ಗವೇ ರಿಲೇಟೈಮ್. 2007ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ಲಿನ 2.6.20ನೆಯ ಆವೃತ್ತಿಯೊಡನೆ ಬಂದ ಈ ಆಯ್ಕೆ, 2009ರಲ್ಲಿ 2.6.30ನೆಯ ಕರ್ನಲ್ಲಿನಿಂದ ಯಾರೂ ಕೇಳದೆಯೇ ಜಾರಿಗೆ ಬರುವ ಡಿಫಾಲ್ಟ್ ಆಯಿತು. ಹಳೆಯ ನಿಷ್ಠುರ ಪದ್ಧತಿಯೇ ಬೇಕೆನ್ನುವವರು ಅಂದಿನಿಂದ ಸ್ಟ್ರಿಕ್ಟ್‌ಎಟೈಮ್ ಎಂದು ಬಾಯಿಬಿಟ್ಟು ಕೇಳಬೇಕಾಗಿದೆ.

ರಿಲೇಟೈಮಿನ ನಿಯಮ ಇಷ್ಟೇ: ಹಿಂದಿನ ಎಟೈಮ್, ಎಂಟೈಮಿಗಾಗಲಿ ಸಿಟೈಮಿಗಾಗಲಿ ಈಚಿನದಲ್ಲದಿದ್ದರೆ, ಅಥವಾ ಅದು 24 ಗಂಟೆಗಳಿಗಿಂತ ಹಳೆಯದಾಗಿದ್ದರೆ, ಓದಿದಾಗ ಹೊಸ ಮುದ್ರೆ ಬೀಳುವುದು, ಇಲ್ಲವಾದರೆ ಇಲ್ಲ. ಇದನ್ನು ನಾನು ಕಣ್ಣಾರೆ ಕಾಣಬಯಸಿ, ಒಂದು ಸೋಮವಾರ ಸಂಜೆ ಆರು ಗಂಟೆಗೆ ನಾಲ್ಕು ಸಾಲಿನ ಕಡತವೊಂದನ್ನು ಬರೆದಿಟ್ಟೆನು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಟ್ ಆಜ್ಞೆಯಿಂದ ಓದಿ, ಸ್ಟ್ಯಾಟ್ ಆಜ್ಞೆಯಿಂದ ಪರಿಶೀಲಿಸಲು, ಎಟೈಮ್ ಒಂಬತ್ತು ಗಂಟೆಯೆಂದಿತು. ಹತ್ತಕ್ಕೆ ಓದಿದೆನು, ಹನ್ನೆರಡಕ್ಕೆ ಓದಿದೆನು, ನಾಲ್ಕಕ್ಕೆ ಓದಿದೆನು. ಮುದ್ರೆ ಒಂಬತ್ತರಲ್ಲಿಯೇ ನಿಂತಿತ್ತು. ಐದು ಗಂಟೆಗೆ ಕಡತದ ತುದಿಗೆ ಸಾಲೊಂದನ್ನು ಸೇರಿಸಿ, ಐದು ನಿಮಿಷದ ಮೇಲೆ ಓದಲು, ಮುದ್ರೆ ಆ ಗಳಿಗೆಗೆ ಜಿಗಿಯಿತು. ನಡುವಿನ ಮೂರು ಓದುಗಳು ಆ ಚೀಟಿಯ ಪಾಲಿಗೆ ನಡೆದೇ ಇಲ್ಲ.

ಇನ್ನು, ನಮ್ಮ ಯಂತ್ರದಲ್ಲಿ ಯಾವ ನಿಯಮ ಜಾರಿಯಲ್ಲಿದೆಯೆಂದು ಅರಿಯುವ ಬಗೆ. ಈಟಿಸಿ ಎಂಬ ಕೋಶದಲ್ಲಿರುವ ಎಫ್‌ಎಸ್‌ಟ್ಯಾಬ್ ಕಡತವನ್ನು ತೆರೆದರೆ ಡಿಸ್ಕಿನ ವಿಭಾಗದ ಮುಂದೆ ಸಾಮಾನ್ಯವಾಗಿ ಡಿಫಾಲ್ಟ್ಸ್ ಎಂಬ ಒಂದೇ ಪದ ಕಾಣಿಸುತ್ತದೆ. ಅದು ನಮ್ಮ ಕೋರಿಕೆಯೇ ಹೊರತು ಕರ್ನಲ್ಲಿನ ತೀರ್ಮಾನವಲ್ಲ. ರಿಲೇಟೈಮಿನ ಹೆಸರೇ ಅಲ್ಲಿ ಇರುವುದಿಲ್ಲ. ಪ್ರೋಕ್ ಎಂಬಲ್ಲಿರುವ ಮೌಂಟ್ಸ್ ಕಡತವನ್ನು ಓದಿದರೆ, ಅಥವಾ ಫೈಂಡ್‌ಮೌಂಟ್ ಆಜ್ಞೆಯನ್ನು ಕೊಟ್ಟರೆ, ಅದೇ ವಿಭಾಗದ ಮುಂದೆ ರಿಲೇಟೈಮ್ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಈಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಮೂರನೆಯದೊಂದು ನೆಲೆಯೂ ಉಂಟು: ಕಡತವ್ಯವಸ್ಥೆಯ ಮೂಲ ವಿವರಗಳನ್ನಿಡುವ ಸೂಪರ್‌ಬ್ಲಾಕ್ ಎಂಬಲ್ಲಿಯೇ ಕೆಲವು ಮೌಂಟ್ ಆಯ್ಕೆಗಳು, ಎಂದರೆ ವಿಭಾಗವನ್ನು ಬಳಕೆಗೆ ಜೋಡಿಸುವಾಗಿನ ಆಯ್ಕೆಗಳು, ಅಡಗಿದ್ದು, ಅವನ್ನು ಟ್ಯೂನ್2ಎಫ್‌ಎಸ್ ಆಜ್ಞೆಗೆ ಎಲ್ ಎಂಬ ಸೂಚನೆಯನ್ನಿತ್ತು ಓದಬಹುದು. ಕೋರಿದ್ದು ಒಂದೆಡೆ, ಡಿಸ್ಕು ಹೊತ್ತು ತಂದದ್ದು ಒಂದೆಡೆ, ಜಾರಿಯಲ್ಲಿರುವುದು ಒಂದೆಡೆ. ವಿವೇಕಿಯಾದವನು ಮೂರನ್ನೂ ಕಂಡು ಕಡೆಯದನ್ನು ನಂಬತಕ್ಕದ್ದು.

ಇಷ್ಟು ಸೂಕ್ಷ್ಮಕ್ಕೆ ಇಳಿಯುವುದೇಕೆಂದು ತಾವು ಕೇಳಬಹುದು. ಸಂಸ್ಥೆಯೊಂದರ ಸಂಗ್ರಹದಲ್ಲಿ, ವರ್ಷದಿಂದ ಯಾರೂ ಓದದ ಕಡತಗಳನ್ನು ಅಳಿಸಿ ಸ್ಥಳವನ್ನು ಉಳಿಸೋಣವೆಂದು ಒಬ್ಬರು ಸದುದ್ದೇಶದಿಂದಲೇ ಹೊರಡುತ್ತಾರೆನ್ನಿ. ಆ ವಿಭಾಗವು ನೋಎಟೈಮ್ ಆಯ್ಕೆಯಿಂದ ಮೌಂಟ್ ಆಗಿದ್ದಲ್ಲಿ, ನಿತ್ಯವೂ ಪಾರಾಯಣಗೊಳ್ಳುವ ಕಡತವೂ ಹುಟ್ಟಿದ ದಿನದ ಮುದ್ರೆಯನ್ನೇ ಹೊತ್ತು, ಅಳಿಸತಕ್ಕವುಗಳ ಸಾಲಿಗೆ ಸೇರಿಬಿಡುತ್ತದೆ. ರಿಲೇಟೈಮ್ ಇದ್ದಲ್ಲಿ, ರಾತ್ರಿಯ ಬ್ಯಾಕಪ್ ಕಡತಗಳನ್ನೆಲ್ಲ ಸಾಧಾರಣ ರೀತಿಯಲ್ಲಿ ತೆರೆದು ಓದಿದರೆ, ಯಾರೂ ತಿರುಗಿ ನೋಡದ ಕಡತದ ಮೇಲೂ ಹೊಸ ಮುದ್ರೆ ಬೀಳುತ್ತದೆ. ಮುದ್ರೆ ಎರಡೆಡೆಯೂ ಸುಳ್ಳಾಡಲಿಲ್ಲ. ತನಗೆ ವಿಧಿಸಿದ ನಿಯಮದಂತೆ ನಡೆಯಿತು. ಆ ನಿಯಮವನ್ನು ಕೇಳದೆ ಮುದ್ರೆಯಿಂದ ತೀರ್ಪಿಗೆ ಹಾರಿದ್ದೇ ದೋಷ.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟೇ: ಮುದ್ರೆಯನ್ನು ಓದುವ ಮುನ್ನ, ಮುದ್ರೆ ಒತ್ತುವವನಿಗೆ ಯಾವ ಅಪ್ಪಣೆಯಿದೆಯೆಂದು ವಿಚಾರಿಸೋಣ. ಅದಕ್ಕೆ ಬೇಕಾದುದು ಫೈಂಡ್‌ಮೌಂಟ್ ಎಂಬ ಒಂದು ಆಜ್ಞೆ, ಅರೆ ನಿಮಿಷದ ತಾಳ್ಮೆ.