ಇನ್ವೆಸ್ಟ್‌ಮೆಂಟ್ ಬ್ಯಾಂಕು ಬಿಟ್ಟವರಿಗೆ ಕಂಪನಿಯಲ್ಲಿ ಯಾವ ಮೇಜು?

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿ ಕಚೇರಿಯ ಗುಮಾಸ್ತರಾದ ನಾವು ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ವಿಷಯ ಮಾತನಾಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಈ ಪ್ರಶ್ನೆ ಈಗ ನಮ್ಮ ಚಾಳುಗಳೊಳಕ್ಕೇ ಬಂದಿದೆ. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರ ಮಕ್ಕಳು ಇಂದು ಸಿ.ಎ., ಎಂ.ಬಿ.ಎ. ಮಾಡಿ ಬಾಂದ್ರಾ-ಕುರ್ಲಾದ ಗಾಜಿನ ಕಟ್ಟಡಗಳಲ್ಲಿ ಕೆಲಸಕ್ಕಿದ್ದಾರೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಕೆಲವರು, “ಇನ್ನು ಸಾಕು, ಯಾವುದಾದರೂ ಕಂಪನಿಗೆ ಸೇರುತ್ತೇನೆ” ಎನ್ನುತ್ತಾರೆ. ಮನೆಯವರಿಗೆ ದಿಗಿಲು. ಅಷ್ಟು ಪಗಾರ ಬಿಡುವುದೆ? ಮನೆಸಾಲದ ಕಂತು ಕಟ್ಟುವವರು ಯಾರು? ಬಿಟ್ಟರೂ ಸೇರುವುದು ಎಲ್ಲಿಗೆ?

ಬ್ಯಾಂಕು ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಪಿಗ್ಮಿ ಠೇವಣಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಲು ತೊಡಗಿದುದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಕಸುಬೇ ಬೇರೆ. ಅದು ಕಂಪನಿಗಳಿಗೆ ಷೇರು ಮಾರಿಕೊಡುತ್ತದೆ, ಸಾಲಪತ್ರ ಹೊರಡಿಸಿಕೊಡುತ್ತದೆ, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ನಡುವೆ ನಿಂತು ಬೆಲೆ ಕಟ್ಟುತ್ತದೆ. ಅದಕ್ಕೆ ಶುಲ್ಕ ಪಡೆಯುತ್ತದೆ. ಅಲ್ಲಿಯ ಹುಡುಗರ ಕೆಲಸ ಲೆಕ್ಕದ ಮಾದರಿಗಳನ್ನೂ ವಿವರಣ ಪತ್ರಿಕೆಗಳನ್ನೂ ರಾತ್ರಿಯೆಲ್ಲ ಕುಳಿತು ತಿದ್ದುವುದು. ಷೇರು ಮಾರಾಟ ಮುಗಿದ ಮೇಲೆ, 2023ರ ಡಿಸೆಂಬರಿನಿಂದ ಬಂದಿರುವ ನಿಯಮದಂತೆ, ಮೂರು ಕೆಲಸದ ದಿನಗಳಲ್ಲಿ ಅದು ಪೇಟೆಯ ಪಟ್ಟಿಗೆ ಬರಬೇಕು. ಪಟ್ಟಿಗೆ ಬಂದಿತೋ, ಗಂಟೆ ಬಾರಿಸಿ ಪೇಢೆ ಹಂಚಿ ಬ್ಯಾಂಕಿನವರು ಮುಂದಿನ ಗಿರಾಕಿಯ ಕಡೆ ನಡೆದರು.

ಕಂಪನಿಯವನು ಮಾತ್ರ ಅಲ್ಲಿಯೇ ಉಳಿಯುತ್ತಾನೆ. ಪ್ರತಿ ಮೂರು ತಿಂಗಳ ಲೆಕ್ಕವನ್ನು 45 ದಿನಗಳೊಳಗೆ, ವರ್ಷದ ಲೆಕ್ಕವನ್ನು 60 ದಿನಗಳೊಳಗೆ ಅವನು ಜನರ ಮುಂದಿಡಬೇಕು. 2013ರ ಕಂಪನಿ ಕಾಯಿದೆಯಂತೆ ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗೆ ಒಬ್ಬ ಪೂರ್ಣಕಾಲದ ಸಿ.ಎಫ್.ಓ. ಇರಲೇಬೇಕು, ಅಢಾವೆ ಪತ್ರಿಕೆಯ ಕೆಳಗೆ ಅವರ ರುಜು ಬೀಳಲೇಬೇಕು. ಇದು ಮನಸ್ಸಿಗೆ ಹತ್ತಿದರೆ ಉಳಿದುದನ್ನು ತಿಳಿಯುವುದು ಕಷ್ಟವಲ್ಲ. ಒಂದು ಕಡೆ ಮಾತು ಕೊಡಿಸುವ ಕೆಲಸ, ಇನ್ನೊಂದು ಕಡೆ ಕೊಟ್ಟ ಮಾತಿನೊಡನೆ ಬಾಳುವ ಕೆಲಸ.

ಕಂಪನಿಯ ಹಣಕಾಸು ವಿಭಾಗದಲ್ಲಿ ಹಲವು ಮೇಜುಗಳಿವೆ. ಬ್ಯಾಂಕು ಬಿಟ್ಟ ಹುಡುಗರು ಸಾಮಾನ್ಯವಾಗಿ ಕೇಳುವುದು ಕಂಪನಿಗಳನ್ನು ಕೊಳ್ಳುವ, ಮಾರುವ ಮೇಜನ್ನು. ಹಳೆಯ ಕೆಲಸಕ್ಕೆ ಅದು ಹತ್ತಿರ, ಹೆಸರೂ ದೊಡ್ಡದು. ಇದು ಅವಸರದ ಆಯ್ಕೆಯೆಂದು ನಮ್ಮ ಅಭಿಪ್ರಾಯ. ದೊಡ್ಡ ಖರೀದಿ ಎಲ್ಲ ಕಂಪನಿಯಲ್ಲೂ ವರ್ಷ ವರ್ಷ ನಡೆಯುವುದಿಲ್ಲ. ಧಣಿಗಳ ಮನಸ್ಸು ಬದಲಾದರೆ ಆ ಮೇಜಿನವರು ಕೈಕಟ್ಟಿ ಕೂರಬೇಕಾಗುತ್ತದೆ. ಖರ್ಚು ಕಡಿಮೆ ಮಾಡುವ ಕಾಲ ಬಂದಾಗ ಮೊದಲು ಕಣ್ಣಿಗೆ ಬೀಳುವವರೂ ಅವರೇ. ಸೇರುವ ಮೊದಲು ಆ ಕಂಪನಿ ಹಿಂದಿನ ಐದು ವರ್ಷದಲ್ಲಿ ಏನೇನು ಕೊಂಡಿದೆಯೆಂದು ವಾರ್ಷಿಕ ವರದಿಗಳಲ್ಲಿ ನೋಡಿಕೊಳ್ಳಲಿ.

ನಾವು ಹೇಳುವುದು ಟ್ರೆಷರಿಯ ಮೇಜು, ಅಂದರೆ ನಗದಿನ ಮೇಜು. ಇದನ್ನು ನಮ್ಮ ಗಿರಣಿಯ ಲೆಕ್ಕದಿಂದಲೇ ವಿವರಿಸಬಹುದು. ಹತ್ತಿಯ ವರ್ಷ ಅಕ್ಟೋಬರಿನಲ್ಲಿ ಶುರು. ಚಳಿಗಾಲದ ತಿಂಗಳುಗಳಲ್ಲಿ ಮಾರುಕಟ್ಟೆಗೆ ಅರಳೆ ಹೆಚ್ಚಾಗಿ ಬರುತ್ತದೆ. ಆಗಲೇ ಕೊಂಡು ಗೋದಾಮು ತುಂಬಿಸಬೇಕು, ಹಣ ಆಗಲೇ ಬೇಕು. ನೂಲು ಮಾರುವುದು ಉದ್ರಿಯ ಮೇಲೆ, ವಸೂಲಿ ತಿಂಗಳುಗಳ ಮೇಲೆ. ಆದರೆ ಕೆಲಸಗಾರರ ಪಗಾರ ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಆಗಲೇಬೇಕು. ನಡುವಿನ ಹಳ್ಳ ದಾಟಿಸುವುದು ಬ್ಯಾಂಕಿನ ಕ್ಯಾಷ್ ಕ್ರೆಡಿಟ್. ಅದಕ್ಕಾಗಿ ತಿಂಗಳು ತಿಂಗಳೂ ದಾಸ್ತಾನಿನ ಪಟ್ಟಿ ಬರೆದು ಕಳುಹಿಸುವುದು ನಮ್ಮಂಥವರ ಕೆಲಸ. ಗೋದಾಮಿನಲ್ಲಿ 1 ಕೋಟಿ ರೂಪಾಯಿಯ ಅರಳೆ ಇದೆ, ಅದರಲ್ಲಿ 30 ಲಕ್ಷದ್ದಕ್ಕೆ ಇನ್ನೂ ಹಣ ಕೊಟ್ಟಿಲ್ಲ ಎನ್ನಿ. ಉಳಿದ 70 ಲಕ್ಷದಲ್ಲಿ ಶೇಕಡ 25 ಮಾರ್ಜಿನ್ ಕಳೆದರೆ ಬ್ಯಾಂಕು ಎತ್ತಲು ಬಿಡುವುದು 52½ ಲಕ್ಷ. ನೂಲಿನ ಬಾಕಿಯ ಮೇಲೂ ಸಾಲ ಸಿಗುತ್ತದೆ; ಆದರೆ 90 ದಿನ ಮೀರಿದ ಬಾಕಿಯನ್ನು ಸಾಮಾನ್ಯವಾಗಿ ಬ್ಯಾಂಕು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೀಗೆ ಪುಸ್ತಕದಲ್ಲಿ ಲಾಭ ಇರುವಾಗಲೇ ಪೆಟ್ಟಿಗೆ ಬರಿದಾಗಬಹುದು!

ಹಣ ಸಾಲದಾಗ ಸಣ್ಣ ಸರಬರಾಜುದಾರನನ್ನು ಕಾಯಿಸುವುದು ಎಲ್ಲರಿಗೂ ಸುಲಭವಾಗಿ ತೋರುವ ದಾರಿ. 2006ರ ಸಣ್ಣ ಉದ್ದಿಮೆಗಳ ಕಾಯಿದೆ ಅದಕ್ಕೆ 45 ದಿನಗಳ ಗಡಿ ಹಾಕಿದೆ. ಮೀರಿದರೆ ಬಡ್ಡಿ ಕೊಡಬೇಕು. ಆ ಸರಬರಾಜುದಾರನ ಹಿಂದೆಯೂ ಪಗಾರಕ್ಕೆ ಕಾಯುವ ಹತ್ತು ಜನ ಇರುತ್ತಾರೆಂದು ನಗದಿನ ಮೇಜಿನವನಿಗೆ ತಿಳಿದಿರುತ್ತದೆ, ತಿಳಿದಿರಬೇಕು. ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಮಾದರಿಯಲ್ಲಿ ಇದೆಲ್ಲ ಒಂದೇ ಸಾಲು. ಸಾಲಪತ್ರ, ಬಡ್ಡಿದರ, ವಿದೇಶಿ ಹಣ ಇವುಗಳ ಪರಿಚಯ ಮೊದಲೇ ಇರುವ ಹುಡುಗನಿಗೆ ಇಲ್ಲಿ ಹೊಸತಾಗಿ ಕಲಿಯುವುದು ಆ ಸಾಲಿನ ಒಳಗಿರುವುದನ್ನು.

ಇನ್ನೊಂದು ಒಳ್ಳೆಯ ಮೇಜು ಮುಂಗಡ ಅಂದಾಜಿನದು. ಮಾದರಿಯಲ್ಲಿ ವರ್ಷಕ್ಕೆ ಶೇಕಡ 15 ಬೆಳವಣಿಗೆ ಎಂದು ಬರೆಯುವುದು ಸುಲಭ. ಇಲ್ಲಿ ಮಾರಾಟದ ಮ್ಯಾನೇಜರು ಎದುರಿಗೆ ಕುಳಿತು ಅದು ಹೇಗೆ ಆಗದೆಂದು ಹೇಳುತ್ತಾರೆ. ಹೂಡಿಕೆದಾರರೊಡನೆ ಮಾತನಾಡುವ ಮೇಜು ವಾಚಾಳಿಗಳಿಗೆ ಸರಿ. ಲೆಕ್ಕಪತ್ರದ ಮುಖ್ಯ ಮೇಜು ಸಿ.ಎ. ಆದವರಿಗೇ ಸಲೀಸು.

ದೊಡ್ಡವರ ದಾರಿ ನೋಡಿದರೂ ನಮ್ಮ ಮಾತು ತೀರ ಸುಳ್ಳಲ್ಲ. ರೂತ್ ಪೊರಾಟ್ ಎಂಬಾಕೆ 1987ರಲ್ಲಿ ಮಾರ್ಗನ್ ಸ್ಟ್ಯಾನ್ಲಿ ಸೇರಿದವರು. 2015ರಲ್ಲಿ ಗೂಗಲಿನ ಸಿ.ಎಫ್.ಓ. ಆದರೆಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು, 2010ರಿಂದ, ತಮ್ಮ ಬ್ಯಾಂಕಿನದೇ ಲೆಕ್ಕಕ್ಕೆ ಸಿ.ಎಫ್.ಓ. ಆಗಿದ್ದರೆಂಬುದನ್ನು ಹೇಳುವವರು ಕಡಿಮೆ. ಆಂಥನಿ ನೋಟೊ ಎಂಬವರು ಗೋಲ್ಡ್‌ಮನ್ ಸ್ಯಾಕ್ಸಿನಲ್ಲಿದ್ದು 2013ರಲ್ಲಿ ಟ್ವಿಟರಿನ ಷೇರು ಮಾರಾಟದ ಕೆಲಸ ಮಾಡಿದರು, ಮರುವರ್ಷ ಆ ಕಂಪನಿಗೇ ಸಿ.ಎಫ್.ಓ. ಆಗಿ ಹೋದರು. ಗಿರಾಕಿಯ ಮನೆಗೇ ಹೋಗಿ ನೆಲೆಸುವ ಈ ದಾರಿಯೂ ಉಂಟು. ಅಲ್ಲಿ ಮನುಷ್ಯರ ಗುಣ ಮೊದಲೇ ಗೊತ್ತಿರುತ್ತದೆ.

ನಮ್ಮ ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ ಷೇರು ಹೊರಡಿಸಿದಾಗ ಜನ ಪೂರ್ತಿ ಕೊಳ್ಳಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಮುಂದೆ ಬಂದು ಕೊಂಡಿತು. ಮರುವರ್ಷ ಕಂಪನಿಯನ್ನು ಸೇರಿದ ಮೋಹನದಾಸ ಪೈಗಳು ಚಾರ್ಟರ್ಡ್ ಅಕೌಂಟೆಂಟರು, ಇನ್ವೆಸ್ಟ್‌ಮೆಂಟ್ ಬ್ಯಾಂಕಿನಿಂದ ಬಂದವರಲ್ಲ. ಅವರು ಸಿ.ಎಫ್.ಓ. ಆಗಿದ್ದಾಗಲೇ, 1999ರಲ್ಲಿ, ಆ ಕಂಪನಿ ಅಮೆರಿಕದ ನ್ಯಾಸ್‌ಡ್ಯಾಕ್ ಪೇಟೆ ಸೇರಿತು. ಬ್ಯಾಂಕಿನ ಅನುಭವವಿಲ್ಲದೆಯೂ ಆ ಕುರ್ಚಿಗೆ ಏರಬಹುದು; ಲೆಕ್ಕ ತಿಳಿಯದೆ ಏರುವುದು ಕಷ್ಟ.

ಈಗ ಪಗಾರದ ಮಾತು. ಇಳಿಯುತ್ತದೆ, ಮರೆಮಾಚುವುದೇಕೆ? ಬ್ಯಾಂಕಿನಲ್ಲಿ ವರ್ಷದ ಕೊನೆಯ ಬೋನಸ್ಸೇ ದೊಡ್ಡ ಪಾಲು. ಕಂಪನಿಯಲ್ಲಿ ಅದು ಚಿಕ್ಕದು. ಆದುದರಿಂದ ಮನೆಸಾಲದ ಕಂತು, ಊರಿಗೆ ಕಳುಹಿಸುವ ಹಣ, ತಂಗಿಯ ಫೀಜು ಇವೆಲ್ಲ ತಿಂಗಳ ನಿಶ್ಚಿತ ಪಗಾರದಲ್ಲೇ ಏಳುತ್ತವೆಯೇ ಎಂದು ಮೊದಲು ಬರೆದು ನೋಡಬೇಕು. ಏಳದಿದ್ದರೆ ಒಂದು ವರ್ಷ ತಡೆದು ಸಾಲ ತಗ್ಗಿಸಿಕೊಂಡು ಹೊರಡುವುದು ಲೇಸು. ಪಗಾರಕ್ಕೆ ಬದಲು ಕಂಪನಿಯ ಷೇರು ಕೊಡುತ್ತೇವೆಂದರೆ ಎಚ್ಚರವಿರಲಿ: ಷೇರು ಕೈಗೆ ಬಂದಾಗಲೇ, ಮಾರುವ ಮೊದಲೇ, ಸಾಮಾನ್ಯವಾಗಿ ವರಮಾನ ತೆರಿಗೆ ಬೀಳುತ್ತದೆ. ತಂದೆತಾಯಿಗಳೂ “ಮಗ ಕೆಳಗಿಳಿದ” ಎಂದು ನೆಂಟರ ಮುಂದೆ ನಾಚಬೇಕಾಗಿಲ್ಲ. ರಾತ್ರಿ ಮೂರಕ್ಕೆ ಮನೆಗೆ ಬಂದು ಒಂಬತ್ತಕ್ಕೆ ಮತ್ತೆ ಓಡುವ ಹುಡುಗನ ಮುಖವನ್ನು ಅವರೇ ನೋಡಿದ್ದಾರೆ.

ಪಟ್ಟಿಯಲ್ಲಿರುವ ಕಂಪನಿಗಳ ವಾರ್ಷಿಕ ವರದಿಗಳು ಷೇರುಪೇಟೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕೆಲಸ ಹುಡುಕುತ್ತಿರುವ ತರುಣರು ಸೇರಬೇಕೆಂದಿರುವ ಕಂಪನಿಯ ವರದಿ ತೆಗೆದು, ಅಧ್ಯಕ್ಷರ ಭಾಷಣ ಬಿಟ್ಟು, ನಗದು ಹರಿವಿನ ಪಟ್ಟಿಯಿಂದ ಓದಲು ತೊಡಗಲಿ. ಸಂಜೆ ಏಳರ ಮೇಲೆ ಇಲ್ಲಿಗೆ ಬಂದರೆ ಜೊತೆಗೆ ಕುಳಿತು ಓದಲು ನಾವು ಇರುತ್ತೇವೆ.