ಹಳೆಯ ವೃತ್ತಪತ್ರಿಕೆಯ ಪಾಠ

ಮಗನೋ ಮಗಳೋ ಕಲಾಶಾಲೆಗೆ ಸೇರುತ್ತೇನೆಂದರೆ, ‘ಅಲ್ಲಿ ಕಲಿಸುವುದಾದರೂ ಏನು?’ ಎಂದು ತಾವು ಕೇಳುವಿರಲ್ಲವೆ? ಪ್ರಶ್ನೆ ನ್ಯಾಯವಾದುದೇ. ಉತ್ತರವಾಗಿ ಜರ್ಮನಿಯ ಒಂದು ತರಗತಿಯ ಸಂಗತಿಯನ್ನು ಹೇಳುತ್ತೇನೆ.

ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಅವರು 1919ರಲ್ಲಿ ವೈಮಾರ್ ನಗರದಲ್ಲಿ ‘ಬೌಹೌಸ್’ ಎಂಬ ಶಾಲೆಯನ್ನು ತೆರೆದರು. 1925ರಲ್ಲಿ ಅದು ಡೆಸ್ಸಾ ನಗರಕ್ಕೆ ಹೋಯಿತು. ಪೀಠೋಪಕರಣ, ನೇಯ್ಗೆ, ಲೋಹದ ಕೆಲಸ, ಅಚ್ಚು, ಜಾಹೀರಾತು ಇವುಗಳಿಗೆಲ್ಲ ಅಲ್ಲಿ ಕಮ್ಮಟಗಳಿದ್ದುವು. ಆದರೆ ಕಮ್ಮಟವನ್ನು ಸೇರುವ ಮುನ್ನ ಪ್ರಾರಂಭದ ಪಾಠವೊಂದು ಮುಗಿಯಬೇಕು.

ಹಾನ್ನೆಸ್ ಬೆಕ್‌ಮನ್ ಎಂಬ ವಿದ್ಯಾರ್ಥಿ ಆ ಪಾಠದ ಮೊದಲ ದಿನವನ್ನು ಮುಂದೆ ನೆನೆದು ಬರೆದಿದ್ದಾರೆ. ಉಪಾಧ್ಯಾಯ ಯೋಸೆಫ್ ಆಲ್ಬರ್ಸ್ ವೃತ್ತಪತ್ರಿಕೆಗಳ ಕಟ್ಟೊಂದನ್ನು ತಂದು ಹಂಚಿದರು. ನಾವು ಬಡವರು, ಸಾಮಗ್ರಿ ಪೋಲಾಗಬಾರದು. ಈ ಕಾಗದದಿಂದ ಏನನ್ನಾದರೂ ಮಾಡಿ, ಕತ್ತರಿ ಗೋಂದುಗಳಿಲ್ಲದೆ ಆದರೆ ಇನ್ನೂ ಲೇಸು ಎಂಬುದು ಅವರ ಮಾತಿನ ಸಾರ.

ಕೆಲವು ಗಂಟೆಗಳ ಮೇಲೆ ಬಂದು ನೋಡಿದರೆ ಮುಖವಾಡ, ದೋಣಿ, ಕೋಟೆ, ವಿಮಾನಗಳು! ಇವು ಶಿಶುವಿಹಾರದ ಆಟಿಕೆಗಳು, ಬೇರೆ ಸಾಮಗ್ರಿಯಲ್ಲಿ ಇನ್ನೂ ಚೆನ್ನಾಗಿ ಆಗುತ್ತಿದ್ದುವು ಎಂದರು. ಹಂಗೇರಿಯ ತರುಣನೊಬ್ಬನು ಮಾತ್ರ ಹಾಳೆಯನ್ನು ಉದ್ದಕ್ಕೆ ಮಡಿಸಿ ನಿಲ್ಲಿಸಿದ್ದನು, ಅಷ್ಟೆ. ಗುರುಗಳು ಮೆಚ್ಚಿದುದು ಅದನ್ನೇ. ಮಲಗಿದ ಹಾಳೆಗೆ ಕಾಣುವುದು ಒಂದೇ ಮುಖ. ನಿಂತ ಹಾಳೆಗೆ ಎರಡು. ಮೆತ್ತನೆಯ ಕಾಗದಕ್ಕೆ ನಿಲ್ಲುವ ಬಲ ಬಂದುದು ಮಡಿಕೆಯಿಂದ.

1933ರಲ್ಲಿ ನಾಜಿಗಳ ಒತ್ತಡದಿಂದ ಆ ಶಾಲೆ ಮುಚ್ಚಿತು. ಆಲ್ಬರ್ಸ್ ಅದೇ ವರ್ಷ ಅಮೆರಿಕಕ್ಕೆ ತೆರಳಿ, ಇಂಗ್ಲಿಷು ಸರಿಯಾಗಿ ಬಾರದಿದ್ದರೂ ಪಾಠವನ್ನು ಮುಂದುವರಿಸಿದರು. ಕಣ್ಣು ಕೈಗಳ ಪಾಠಕ್ಕೆ ಮಾತು ಅಷ್ಟು ಬೇಕಿಲ್ಲ.

ಆದುದರಿಂದ ತಮ್ಮ ಮಕ್ಕಳು ಇಂಥ ಶಾಲೆಯಿಂದ ಬಂದು ಸಂಜೆಯೆಲ್ಲ ಕಾಗದ ಮಡಿಸುತ್ತ ಕುಳಿತರೆ ಗದರಿಸಬೇಡಿ. ಪಕ್ಕದಲ್ಲಿ ಕುಳಿತು, ‘ಇದು ಹೇಗೆ ನಿಂತಿತಪ್ಪ?’ ಎಂದು ಕೇಳಿ ನೋಡಿ.